ಪುಟ್ಟ ಉಪಗ್ರಹಕ್ಕೆ ಮೊದಲ ಸಲ ಕರೆಂಟು ಕೊಡುವುದು ಹೇಗೆ: ವಿದ್ಯುತ್ ಜೋಡಣೆ ಮತ್ತು ಪರೀಕ್ಷೆಯ ಸಮಗ್ರ ಮಾರ್ಗದರ್ಶಿ

ಉಪಗ್ರಹದೊಳಗಿನ ಒಂದೊಂದು ಸರ್ಕ್ಯೂಟ್ ಕಾರ್ಡೂ ಅದರದರ ಮೇಜಿನ ಮೇಲೆ ಚೆನ್ನಾಗಿಯೇ ಓಡುತ್ತಿರುತ್ತದೆ. ಆರನ್ನೂ ಸೇರಿಸಿ ಸ್ವಿಚ್ ಹಾಕಿದ ದಿನ ಒಂದು ಸುಟ್ಟುಹೋಗುತ್ತದೆ, ಇನ್ನೊಂದು ಮಾತೇ ಆಡುವುದಿಲ್ಲ, ಮತ್ತೊಂದು ಅರ್ಧ ಗಂಟೆಗೊಮ್ಮೆ ತಾನಾಗಿ ರೀಸೆಟ್ ಆಗುತ್ತದೆ. ಕಾಲೇಜು ತಂಡಗಳು ಎಡವುವುದು ಹೆಚ್ಚಾಗಿ ಇಲ್ಲೇ. ವಿನ್ಯಾಸ ಕೆಟ್ಟಿರುವುದು ಕಡಿಮೆ, ಅಳೆಯುವ ಮೊದಲೇ ಜೋಡಿಸಿರುವುದು ಹೆಚ್ಚು.

ಇಲ್ಲಿ ಉದಾಹರಣೆಗೆ ಹಿಡಿದಿರುವುದು 3ಯು ಗಾತ್ರದ ಕ್ಯೂಬ್‌ಸ್ಯಾಟ್, ಅಂದರೆ ಸುಮಾರು 10 ಸೆಂಟಿಮೀಟರ್ ಬದಿಯ ಮೂರು ಘನಗಳನ್ನು ಪೇರಿಸಿದಷ್ಟು ಪುಟ್ಟ ಉಪಗ್ರಹ. ಎರಡು ಲಿಥಿಯಂ-ಅಯಾನ್ ಸೆಲ್‌ಗಳ ಸರಣಿ (ಪೂರ್ತಿ ತುಂಬಿದಾಗ 8.4 ವೋಲ್ಟ್), ಮೈಗಂಟಿದ ಸೌರಫಲಕ, ಐದಾರು ಕಾರ್ಡು, 435–438 ಮೆಗಾಹರ್ಟ್ಸ್ ಪಟ್ಟಿಯ ರೇಡಿಯೋ. ದೊಡ್ಡ ಉಪಗ್ರಹದಲ್ಲಿ ವೋಲ್ಟೇಜ್ ಬೇರೆ, ತಂತಿ ನೂರಾರು. ಆದರೆ ಹೆಜ್ಜೆಗಳ ಅನುಕ್ರಮ ಇದೇ.

## ಮೊದಲು ಕೈಗೆ ಬೇಕಾದ ಸಾಮಾನು

ಕರೆಂಟ್ ಮಿತಿ ಮತ್ತು ಅತಿವೋಲ್ಟೇಜ್ ತಡೆ ಎರಡೂ ಇರುವ ಪವರ್ ಸಪ್ಲೈ ಎರಡು, ನಾಲ್ಕು ತಂತಿಯ ಮಿಲಿಓಮ್ ಮೀಟರ್, ಒಳ್ಳೆಯ ಮಲ್ಟಿಮೀಟರ್ ಎರಡು, ಆಸಿಲೋಸ್ಕೋಪ್ ಜೊತೆಗೆ ಕನಿಷ್ಠ ಒಂದು ಡಿಫರೆನ್ಷಿಯಲ್ ಪ್ರೋಬ್, ಯುಎಸ್‌ಬಿ ಐಸೊಲೇಟರ್, 50 ಓಮ್ ಡಮ್ಮಿ ಲೋಡ್ (ಆಂಟೆನಾ ಬದಲು ರೇಡಿಯೋ ಶಕ್ತಿಯನ್ನು ನುಂಗುವುದು), ಅಟೆನ್ಯುಯೇಟರ್‌ಗಳು (ಸಿಗ್ನಲ್ಲನ್ನು ಕುಗ್ಗಿಸುವವು), ಟಾರ್ಕ್ ಸ್ಕ್ರೂಡ್ರೈವರ್.

ಇವೆಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕ್‌ಔಟ್ ಬಾಕ್ಸ್. ಎರಡು ಕನೆಕ್ಟರ್‌ಗಳ ನಡುವೆ ಸೇರಿಸಿ ಪ್ರತಿ ಪಿನ್ನನ್ನೂ ಬೇಕಾದಾಗ ತೆರೆಯಬಹುದಾದ, ಬೇಕಾದಾಗ ಅಳೆಯಬಹುದಾದ ಪೆಟ್ಟಿಗೆ ಇದು. ನೀವು ಬಳಸುವ ಪ್ರತಿ ಕನೆಕ್ಟರ್ ಬಗೆಗೂ ಒಂದೊಂದು ಮಾಡಿಟ್ಟುಕೊಳ್ಳಿ. ಮಲ್ಟಿಮೀಟರ್ ಮೊನೆಯನ್ನು ಹಾರುವ (ಅಂದರೆ ಉಪಗ್ರಹದೊಂದಿಗೆ ಕಕ್ಷೆಗೆ ಹೋಗುವ) ಕನೆಕ್ಟರ್‌ನ ಹೆಣ್ಣು ಪಿನ್ನಿಗೆ ನೇರವಾಗಿ ತೂರಿಸಿದರೆ ಒಳಗಿನ ಸ್ಪ್ರಿಂಗ್ ಅಗಲವಾಗುತ್ತದೆ. ಅದು ಆ ದಿನ ಗೊತ್ತಾಗುವುದಿಲ್ಲ, ಕಂಪನ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಹಾಗೆಯೇ ಪ್ರತಿ ಹಾರುವ ಕನೆಕ್ಟರ್‌ಗೂ ಸೇವರ್, ಅಂದರೆ ಅದರ ಮುಂದೆ ಕೂರುವ ಚಿಕ್ಕ ಬದಲಿ ಕನೆಕ್ಟರ್ ಹಾಕಿ. ದಿನಕ್ಕೆ ಹತ್ತು ಸಲ ಸವೆಯುವುದು ಅದಾಗಲಿ, ಒಳಗಿನದು ಬೇಡ.

## 1. ಮೇಜು ಮತ್ತು ಅರ್ಥಿಂಗ್

ಮೊದಲು ಗೋಡೆಯ ಪ್ಲಗ್ಗನ್ನೇ ಅನುಮಾನಿಸಿ. ಎಷ್ಟೋ ಲ್ಯಾಬ್‌ಗಳಲ್ಲಿ ಮೂರನೇ ಪಿನ್ ಹೆಸರಿಗೆ ಮಾತ್ರ ಇರುತ್ತದೆ. ನ್ಯೂಟ್ರಲ್–ಅರ್ಥ್ ನಡುವೆ ಅಳೆಯಿರಿ. ಮೂರು ನಾಲ್ಕು ವೋಲ್ಟ್ ದಾಟಿದರೆ ಎಲೆಕ್ಟ್ರಿಷಿಯನ್ ಬಂದು ಹೋಗುವವರೆಗೆ ಹಾರುವ ಕಾರ್ಡು ಆ ಮೇಜಿಗೆ ಬರಬಾರದು.

ಎರಡು ಪಿನ್ನಿನ ಲ್ಯಾಪ್‌ಟಾಪ್ ಅಡಾಪ್ಟರ್ ಇನ್ನೊಂದು ಮೌನ ಶತ್ರು. ಅದರೊಳಗಿನ ಫಿಲ್ಟರ್ ಕೆಪ್ಯಾಸಿಟರ್‌ಗಳಿಂದಾಗಿ ಲ್ಯಾಪ್‌ಟಾಪಿನ ಗ್ರೌಂಡ್ ಮೇನ್ಸ್‌ನ ಅರ್ಧದಷ್ಟು, ಅಂದರೆ ನೂರು ವೋಲ್ಟ್ ಆಸುಪಾಸಿನಲ್ಲಿ ತೇಲುತ್ತಿರುತ್ತದೆ. ಕರೆಂಟು ಅತ್ಯಲ್ಪ, ಲೋಹದ ಮೈ ಸವರಿದರೆ ಜುಂ ಎನ್ನುವುದು ಅದೇ. ಡೀಬಗ್ ಕೇಬಲ್ ಚುಚ್ಚುವ ಕ್ಷಣದಲ್ಲಿ ಗ್ರೌಂಡ್ ಪಿನ್ನಿಗಿಂತ ಮೊದಲು ಡೇಟಾ ಪಿನ್ ತಾಗಿದರೆ ಪ್ರೊಸೆಸರ್‌ನ ಪೋರ್ಟ್ ಹೋಗಲು ಅಷ್ಟು ಸಾಕು. ಯುಎಸ್‌ಬಿ ಐಸೊಲೇಟರ್ ಇರುವುದು ಇದಕ್ಕೇ.

ಮೈಯಲ್ಲಿ ಕೂಡುವ, ಚಿಪ್ಪುಗಳನ್ನು ಕೆಡಿಸುವ ಸ್ಥಿರ ವಿದ್ಯುತ್ತನ್ನು ನೆಲಕ್ಕಿಳಿಸುವ ಮಣಿಕಟ್ಟಿನ ಪಟ್ಟಿಯನ್ನು ದಿನವೂ ಪರೀಕ್ಷಿಸಿ. ಅದರೊಳಗೆ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ. ಮೈ ಸೇರಿ ಒಟ್ಟು 35 ಮೆಗಾಓಮ್ ಮೀರಬಾರದು. ಒಣ ಚರ್ಮದವರಿಗೆ ಇದು ಸುಲಭವಾಗಿ ಮೀರುತ್ತದೆ. ಒಣ ಗಾಳಿಯಲ್ಲಿ ಸ್ಥಿರ ವಿದ್ಯುತ್ ಹೆಚ್ಚು, ಹಾಗಾಗಿ ಕೋಣೆಯ ಆರ್ದ್ರತೆ ಶೇ. 40ರಿಂದ 60ರೊಳಗೆ ಇರಲಿ. ಫೆಬ್ರವರಿ, ಮಾರ್ಚ್ ಮಧ್ಯಾಹ್ನ ಬೆಂಗಳೂರಿನ ಗಾಳಿ ಶೇ. 30ಕ್ಕಿಂತ ಕೆಳಗೂ ಒಣಗುತ್ತದೆ. ಮಳೆಗಾಲದ ಸುರತ್ಕಲ್‌ನಲ್ಲಿ ಕಷ್ಟ ಇದರ ತದ್ವಿರುದ್ಧ. ಕ್ಯಾಪ್ಟಾನ್ ಟೇಪನ್ನು ಸರ್ರನೆ ಎಳೆದು ಬಿಚ್ಚುವುದೇ ಸಾವಿರಾರು ವೋಲ್ಟ್ ಹುಟ್ಟಿಸುತ್ತದೆ. ನಿಧಾನವಾಗಿ, ಅಯೊನೈಸರ್ ಗಾಳಿಯ ಎದುರಿಗೆ ಬಿಚ್ಚಿ.

## 2. ಪಿನ್ ಪಟ್ಟಿ: ಕಾಗದದ ಮೇಲೆ ಜೋಡಿಸಿ ನೋಡಿ

ಪ್ರತಿ ಕನೆಕ್ಟರ್‌ಗೂ ಒಂದು ಹಾಳೆ ಇರಲಿ: ಪಿನ್ ಸಂಖ್ಯೆ, ಸಿಗ್ನಲ್ ಹೆಸರು, ಯಾವ ಕಡೆಯಿಂದ ಯಾವ ಕಡೆಗೆ, ವೋಲ್ಟೇಜ್, ಗರಿಷ್ಠ ಕರೆಂಟು, ಆ ಪಿನ್ ಮತ್ತು ರಿಟರ್ನ್ (ಕರೆಂಟು ಮರಳುವ ತಂತಿ) ನಡುವೆ ಇರಬೇಕಾದ ರೆಸಿಸ್ಟೆನ್ಸ್. ಕೊನೆಯ ಕಾಲಂ ಬಹುತೇಕ ತಂಡಗಳಲ್ಲಿ ಖಾಲಿ. ನಾಲ್ಕನೇ ಹಂತದ ಪರೀಕ್ಷೆ ನಿಲ್ಲುವುದೇ ಅದರ ಮೇಲೆ.

ಪದೇ ಪದೇ ಆಗುವ ತಪ್ಪು ಎರಡು. ಒಂದು, ಗಂಡು ಕನೆಕ್ಟರ್‌ನ ಮುಂಭಾಗದ ಚಿತ್ರ ನೋಡಿ ಹೆಣ್ಣು ಕನೆಕ್ಟರ್‌ನ ಬೆನ್ನಿಗೆ ತಂತಿ ಹಾಕುವುದು. ಸಾಲು ಕನ್ನಡಿಯಲ್ಲಿ ಕಂಡಂತೆ ತಿರುಗಿಬಿಡುತ್ತದೆ. ಇನ್ನೊಂದು, ‘ಟಿಎಕ್ಸ್’ ಎಂದಷ್ಟೇ ಬರೆಯುವುದು. ಯಾರ ಟಿಎಕ್ಸ್? ‘ಕಂಪ್ಯೂಟರ್‌ನಿಂದ ರೇಡಿಯೋಗೆ’ ಎಂದು ಹೆಸರಿಡಿ, ಗೊಂದಲ ಅಲ್ಲಿಗೇ ಮುಗಿಯುತ್ತದೆ. ಹಾಳೆ ಬರೆದವರೇ ಅದನ್ನು ತಾಳೆ ನೋಡಬಾರದು.

## 3. ಹಾರ್ನೆಸ್

ಹಾರ್ನೆಸ್ ಎಂದರೆ ಕಾರ್ಡುಗಳನ್ನು ಸೇರಿಸುವ ತಂತಿ, ಕನೆಕ್ಟರ್‌ಗಳ ಕಟ್ಟು. ತಂತಿಯ ಹೊದಿಕೆ ಟೆಫ್ಲಾನ್ ಜಾತಿಯ ಪಿಟಿಎಫ್‌ಇ ಅಥವಾ ಇಟಿಎಫ್‌ಇ ಆಗಿರಲಿ. ಪೇಟೆಯ ಪಿವಿಸಿ ತಂತಿ ನಿರ್ವಾತದಲ್ಲಿ ಆವಿ ಬಿಟ್ಟು ಸೌರಕೋಶ, ಲೆನ್ಸುಗಳ ಮೇಲೆ ಕೂರುತ್ತದೆ. ಯಾವುದೇ ವಸ್ತುವಿಗೆ ಸಾಮಾನ್ಯ ಮಿತಿ: ಒಟ್ಟು ತೂಕನಷ್ಟ ಶೇ. 1, ಮತ್ತೆ ಘನೀಭವಿಸುವ ಭಾಗ ಶೇ. 0.1. ಅಪ್ಪಟ ತವರ, ಸತು, ಕ್ಯಾಡ್ಮಿಯಂ ಲೇಪಿಸಿದ ಕನೆಕ್ಟರ್, ಸ್ಕ್ರೂಗಳನ್ನು ದೂರವಿಡಿ. ತವರದಿಂದ ಕೂದಲಿನಂಥ ಎಳೆಗಳು ಬೆಳೆದು ಶಾರ್ಟ್ ಮಾಡುತ್ತವೆ. ಉಳಿದೆರಡು ಲೋಹಗಳು ನಿರ್ವಾತದಲ್ಲಿ ತಾವೇ ಆವಿಯಾಗುತ್ತವೆ.

ಅಗ್ಗದ ಡಮ್ಮಿ ಲೋಡ್ ನಡೆಯುತ್ತದೆ, ಅಗ್ಗದ ಕ್ರಿಂಪ್ ಟೂಲ್ (ತಂತಿಗೆ ಪಿನ್ನನ್ನು ಒತ್ತಿ ಹಿಡಿಸುವ ಉಪಕರಣ) ನಡೆಯುವುದಿಲ್ಲ. ಕೆಲಸ ಶುರುಮಾಡುವ ಮುನ್ನ ಅದೇ ತಂತಿ, ಅದೇ ಪಿನ್ನಿನಲ್ಲಿ ಮಾದರಿ ಕ್ರಿಂಪ್ ಮಾಡಿ ಎಳೆದು ನೋಡಿ. 24 ಗೇಜಿನದು ಸುಮಾರು 35 ನ್ಯೂಟನ್ ತಡೆಯಬೇಕು. ಕ್ರಿಂಪ್ ಮಾಡಿದ ಮೇಲೆ ‘ಇನ್ನಷ್ಟು ಗಟ್ಟಿಯಾಗಲಿ’ ಎಂದು ಸೀಸ ಹಾಕುವ ಚಪಲ ಕೆಲವರಿಗಿದೆ. ಬೇಡ. ಬೆಸುಗೆ ತಂತಿಯ ಎಳೆಗಳೊಳಗೆ ಏರಿ, ಅದು ನಿಲ್ಲುವ ಜಾಗದಲ್ಲೇ ತಂತಿ ಮುರಿಯುತ್ತದೆ.

ಹಾರ್ನೆಸ್ ಸಿದ್ಧವಾದಾಗ, ಯಾವ ಕಾರ್ಡಿಗೂ ಜೋಡಿಸದೆ ಮೂರು ಅಳತೆ ತೆಗೆದುಕೊಳ್ಳಿ:

1. ಪ್ರತಿ ತಂತಿಯ ತುದಿಯಿಂದ ತುದಿಗೆ ರೆಸಿಸ್ಟೆನ್ಸ್. ಅಕ್ಕಪಕ್ಕದ ಒಂದೇ ಉದ್ದದ ತಂತಿಗಳಿಗಿಂತ ಒಂದರದ್ದು ಎದ್ದು ಕಂಡರೆ ಆ ಕ್ರಿಂಪ್ ಕೆಟ್ಟಿದೆ.
2. ಪ್ರತಿ ಪಿನ್ನಿನಿಂದ ಉಳಿದೆಲ್ಲ ಪಿನ್ನಿಗೆ ಮತ್ತು ಕನೆಕ್ಟರ್ ಕವಚಕ್ಕೆ ಇನ್ಸುಲೇಷನ್.
3. ಇವೆರಡನ್ನೂ ತಂತಿ ಅಲ್ಲಾಡಿಸುತ್ತ ಮತ್ತೊಮ್ಮೆ.

ಬೀಪ್ ಸದ್ದನ್ನು ನಂಬಿ ಮುಂದೆ ಹೋಗಬೇಡಿ. ಬಹುತೇಕ ಮೀಟರ್‌ಗಳು ಹತ್ತಿಪ್ಪತ್ತು ಓಮ್ ಇದ್ದರೂ ಬೀಪ್ ಅನ್ನುತ್ತವೆ.

## 4. ಜೋಡಿಸುವ ಮುನ್ನ ಎರಡೂ ಕಡೆ ಅಳೆಯುವುದು

ಇಡೀ ಕೆಲಸದ ತಿರುಳು ಈ ಹಂತ. ಒಂದು ಕನೆಕ್ಟರ್ ಸೇರಿಸುವ ಮುನ್ನ ಕೊಡುವ ಕಡೆ ಏನು ಬರುತ್ತಿದೆ, ಪಡೆಯುವ ಕಡೆ ಏನು ಇದೆ ಎಂಬುದು ಎರಡೂ ಕಾಗದದ ಮೇಲೆ ಇರಬೇಕು.

ಪಡೆಯುವ ಕಡೆ: ಕರೆಂಟು ಇಲ್ಲದೆ, ಪ್ರತಿ ಸಪ್ಲೈ ಪಿನ್ ಮತ್ತು ರಿಟರ್ನ್ ನಡುವೆ ಓಮ್ ಅಳೆಯಿರಿ. ನಂತರ ಮೀಟರ್‌ನ ಕೆಂಪು-ಕಪ್ಪು ತಂತಿ ಅದಲುಬದಲು ಮಾಡಿ ಮತ್ತೆ ಅಳೆಯಿರಿ. ಎರಡು ಸಂಖ್ಯೆ ಬೇರೆ ಬಂದರೆ ಗಾಬರಿ ಬೇಡ. ಒಳಗಿನ ಡಯೋಡ್‌ಗಳು ಒಂದು ದಿಕ್ಕಿನಲ್ಲಿ ತೆರೆದುಕೊಳ್ಳುತ್ತವೆ. ಸಂಖ್ಯೆ ಕೆಳಗಿನಿಂದ ಮೆಲ್ಲಗೆ ಏರುತ್ತಿದ್ದರೆ ಕೆಪ್ಯಾಸಿಟರ್ ತುಂಬುತ್ತಿದೆ ಎಂದರ್ಥ, ನಿಲ್ಲುವವರೆಗೆ ಕಾಯಿರಿ. ನಾಲ್ಕೈದು ಓಮ್‌ನಲ್ಲಿ ಅಲ್ಲಾಡದೆ ನಿಂತರೆ ಶಾರ್ಟ್. ಎರಡೂ ದಿಕ್ಕಿನಲ್ಲಿ ಕೊನೆಯೇ ಇಲ್ಲದಂತೆ ತೆರೆದಿದ್ದರೆ ತಂತಿಯೇ ತಲುಪಿಲ್ಲ.

ಕೊಡುವ ಕಡೆ: ಎದುರಿಗೆ ಏನನ್ನೂ ಜೋಡಿಸದೆ, ಬ್ರೇಕ್‌ಔಟ್ ಬಾಕ್ಸ್ ಮಾತ್ರ ಹಾಕಿ ಕರೆಂಟು ಕೊಟ್ಟು ಪ್ರತಿ ಪಿನ್ನನ್ನೂ ಅಳೆಯಿರಿ. ಖಾಲಿ ಎಂದು ಬರೆದಿರುವ ಪಿನ್ನುಗಳನ್ನೂ ಬಿಡಬೇಡಿ. 5 ವೋಲ್ಟ್ ಬಂದು ಕೂತಿರುವುದು ಅಲ್ಲೇ.

ಅಳತೆ ಮುಗಿದ ಮೇಲೆ ಕರೆಂಟು ತೆಗೆದು, ಕೆಪ್ಯಾಸಿಟರ್‌ಗಳು ಖಾಲಿಯಾದದ್ದನ್ನು ಮೀಟರಿನಲ್ಲೇ ನೋಡಿ ಕನೆಕ್ಟರ್ ಸೇರಿಸಿ. ಯಾವುದು, ಎಷ್ಟನೇ ಸಲ, ಯಾರು ಸೇರಿಸಿದರು ಎಂದು ಪುಸ್ತಕದಲ್ಲಿ ಬರೆಯಿರಿ.

ರಿಟರ್ನ್ ಮತ್ತು ಚಾಸಿ (ಉಪಗ್ರಹದ ಲೋಹದ ಮೈ) ಒಂದೇ ಜಾಗದಲ್ಲಿ ಸೇರುವ ವಿನ್ಯಾಸವಿದ್ದರೆ ಆ ಒಂದು ಕೊಂಡಿಯನ್ನು ಬಿಚ್ಚಿ ಅಳೆಯಿರಿ. 1 ಮೆಗಾಓಮ್‌ಗಿಂತ ಹೆಚ್ಚಿರಬೇಕು. ಕಡಿಮೆ ಬಂದರೆ ಎಲ್ಲೋ ಎರಡನೇ ಕೊಂಡಿ ಇದೆ. ಹೆಚ್ಚಾಗಿ ಅದು ಕಾರ್ಡಿನ ಮೂಲೆಯ ಸ್ಕ್ರೂ ರಂಧ್ರವಾಗಿರುತ್ತದೆ.

## 5. ಮೊದಲ ಕರೆಂಟು

ಮೊದಲು ಬ್ಯಾಟರಿ, ಫಲಕಗಳ ಕರೆಂಟನ್ನು ಉಳಿದವಕ್ಕೆ ಹಂಚುವ ಪವರ್ ಕಾರ್ಡು ಒಂದೇ. ಬ್ಯಾಟರಿ ಬೇಡ, ಅದರ ಜಾಗದಲ್ಲಿ ಪವರ್ ಸಪ್ಲೈ: ವೋಲ್ಟೇಜ್ 7.6, ಅತಿವೋಲ್ಟೇಜ್ ತಡೆ 9ಕ್ಕೆ, ಕರೆಂಟ್ ಮಿತಿ ನಿರೀಕ್ಷೆಯ ಒಂದೂವರೆ ಪಟ್ಟು. ದೂರದಿಂದ ವೋಲ್ಟೇಜ್ ಅಳೆಯುವ ಸೆನ್ಸ್ ತಂತಿ ಬಳಸುತ್ತಿದ್ದರೆ ಅತಿವೋಲ್ಟೇಜ್ ತಡೆ ಇಲ್ಲದೆ ಮುಂದುವರಿಯಲೇಬೇಡಿ. ಆ ತೆಳು ತಂತಿ ಕಳಚಿದರೆ ವೋಲ್ಟೇಜ್ ಬಿದ್ದಿದೆ ಎಂದುಕೊಂಡು ಸಪ್ಲೈ ಏರಿಸುತ್ತಲೇ ಹೋಗುತ್ತದೆ.

ಸಪ್ಲೈ ಔಟ್‌ಪುಟ್ ಆಫ್ ಇರುವಾಗಲೇ ತಂತಿ ಸೇರಿಸಿ, ಆಮೇಲೆ ಔಟ್‌ಪುಟ್ ಬಟನ್ ಒತ್ತಿ. ಆನ್ ಇರುವ ಸಪ್ಲೈಗೆ ಕಾರ್ಡನ್ನು ಚುಚ್ಚಿದರೆ ಕರೆಂಟ್ ಮಿತಿ ಕಾಪಾಡುವುದಿಲ್ಲ. ಸಪ್ಲೈಯೊಳಗಿನ ದೊಡ್ಡ ಕೆಪ್ಯಾಸಿಟರ್ ಮಿತಿಯನ್ನು ಕೇಳದೆ ತನ್ನಲ್ಲಿರುವುದನ್ನೆಲ್ಲ ಒಮ್ಮೆಲೇ ಸುರಿಯುತ್ತದೆ. ಕಾರ್ಡಿನ 470 ಮೈಕ್ರೋಫ್ಯಾರಡ್ 1 ಮಿಲಿಸೆಕೆಂಡಿನಲ್ಲಿ 8 ವೋಲ್ಟ್‌ಗೆ ತುಂಬಬೇಕಾದರೆ ಹರಿಯುವುದು 3.76 ಆಂಪ್.

ವೋಲ್ಟೇಜನ್ನು ಕೈಯಿಂದ ನಿಧಾನವಾಗಿ ಸೊನ್ನೆಯಿಂದ ಏರಿಸುವುದು ಸುರಕ್ಷಿತ ಎಂಬ ನಂಬಿಕೆ ಬಲವಾಗಿದೆ. ಡಿಸಿ-ಡಿಸಿ ಕನ್ವರ್ಟರ್ (ಒಂದು ವೋಲ್ಟೇಜನ್ನು ಇನ್ನೊಂದಕ್ಕೆ ಬದಲಿಸುವ ಭಾಗ) ಇರುವ ಕಾರ್ಡಿಗೆ ಇದು ತಪ್ಪು. ಕನ್ವರ್ಟರ್ ಎಳೆಯುವುದು ಸ್ಥಿರ ಶಕ್ತಿಯನ್ನು. 5 ವ್ಯಾಟಿಗೆ 8 ವೋಲ್ಟ್‌ನಲ್ಲಿ 0.63 ಆಂಪ್ ಸಾಕು, 4 ವೋಲ್ಟ್‌ನಲ್ಲಿ 1.25 ಆಂಪ್ ಬೇಕು. ಮಿತಿ 0.9ಕ್ಕೆ ಇಟ್ಟಿದ್ದರೆ ವೋಲ್ಟೇಜ್ ಅರ್ಧದಲ್ಲೇ ಸಿಕ್ಕಿಹಾಕಿಕೊಂಡು ಸಪ್ಲೈಯ ಕರೆಂಟ್-ಮಿತಿ ದೀಪ ಹತ್ತಿಕೊಂಡಿರುತ್ತದೆ. ಇದನ್ನು ನೋಡಿ ಇಲ್ಲದ ಶಾರ್ಟ್ ಹುಡುಕುತ್ತ ಎರಡು ದಿನ ಕಳೆಯುವವರಿದ್ದಾರೆ.

ಕರೆಂಟನ್ನು 1 ಸೆಕೆಂಡ್, 1 ನಿಮಿಷ, 10 ನಿಮಿಷಕ್ಕೆ ಬರೆದುಕೊಳ್ಳಿ. ಹತ್ತು ನಿಮಿಷದಲ್ಲಿ ಮೆಲ್ಲಗೆ ಏರುತ್ತಲೇ ಇದ್ದರೆ ಏನೋ ಬಿಸಿಯಾಗುತ್ತಿದೆ. ಥರ್ಮಲ್ ಕ್ಯಾಮೆರಾದಲ್ಲಿ ಎಲ್ಲಿ ಎಂದು ನೋಡಿ. ವಾಸನೆ ಬಂದರೆ ಬಟನ್ ಮೊದಲು, ಚರ್ಚೆ ಆಮೇಲೆ.

ಆಸಿಲೋಸ್ಕೋಪ್ ಬಗ್ಗೆ ಎಚ್ಚರಿಕೆ: ಸಾಮಾನ್ಯ ಪ್ರೋಬಿನ ಮೊಸಳೆ ಕ್ಲಿಪ್ ನೇರ ಮೇನ್ಸ್ ಅರ್ಥ್‌ಗೆ ಸೇರಿದೆ. ಅದನ್ನು ಕರೆಂಟ್ ಅಳೆಯುವ ರೆಸಿಸ್ಟರ್‌ನ ಮೇಲ್ತುದಿಗೆ ಕಚ್ಚಿಸಿದರೆ, ಉಪಗ್ರಹದ ರಿಟರ್ನ್ ಬೇರೆಲ್ಲಾದರೂ ಅರ್ಥ್ ಆಗಿದ್ದಾಗ ನೀವೇ ಶಾರ್ಟ್ ಮಾಡಿದಂತೆ. ಇಂಥ ಕಡೆ ಡಿಫರೆನ್ಷಿಯಲ್ ಪ್ರೋಬ್ ಮಾತ್ರ.

## 6. ಒಂದೊಂದೇ ಕಾರ್ಡು

ಎಲ್ಲ ಕಾರ್ಡುಗಳನ್ನೂ ದೊಡ್ಡ ಮೇಜಿನ ಮೇಲೆ ಹರಡಿ, ಹಾರ್ನೆಸ್‌ನಿಂದಲೇ ಸೇರಿಸುವ ಈ ಸ್ಥಿತಿಗೆ ಫ್ಲ್ಯಾಟ್‌ಸ್ಯಾಟ್ ಎನ್ನುತ್ತಾರೆ. ಅನುಕ್ರಮ: ಪವರ್, ಕಂಪ್ಯೂಟರ್, ರೇಡಿಯೋ ರಿಸೀವರ್, ದಿಕ್ಕು ನಿಯಂತ್ರಣ, ಕೊನೆಗೆ ಪೇಲೋಡ್ (ಉಪಗ್ರಹದ ಮುಖ್ಯ ಕೆಲಸ ಮಾಡುವ ಉಪಕರಣ). ಪ್ರತಿ ಹೊಸ ಕಾರ್ಡಿಗೂ ನಾಲ್ಕನೇ ಹಂತ ಮತ್ತೆ. ಒಂದೇ ದಿನ ಎರಡು ಕಾರ್ಡು ಸೇರಿಸಿದರೆ ದೋಷ ಯಾರದೆಂದು ಹೇಳಲು ಬರುವುದಿಲ್ಲ.

ಕಾರ್ಡುಗಳು ಎರಡು ತಂತಿಯಲ್ಲಿ ಮಾತಾಡುವ ಐ-ಸ್ಕ್ವೇರ್-ಸಿ ಬಸ್‌ನಲ್ಲಿ ಪುಲ್-ಅಪ್‌ಗಳ (ತಂತಿಯನ್ನು ಸಪ್ಲೈ ವೋಲ್ಟೇಜಿಗೆ ಎತ್ತಿ ಹಿಡಿಯುವ ರೆಸಿಸ್ಟರ್‌ಗಳ) ಲೆಕ್ಕ ಹಾಕಿ. ಆರು ಕಾರ್ಡು ಮಾಡಿದ ಆರು ಜನರೂ 4.7 ಕಿಲೋಓಮ್ ಹಾಕಿದ್ದರೆ ಒಟ್ಟು 783 ಓಮ್ ಆಯಿತು. 3.3 ವೋಲ್ಟ್‌ಗೆ 4.2 ಮಿಲಿಆಂಪ್. ಸಾಮಾನ್ಯ ವೇಗದ ಬಸ್‌ನಲ್ಲಿ ಚಿಪ್ಪು ಎಳೆಯಬಲ್ಲೆ ಎಂದು ಭರವಸೆ ಕೊಡುವುದು 3 ಮಿಲಿಆಂಪ್. ಆಗ ಸಿಗ್ನಲ್ 0.4 ವೋಲ್ಟ್‌ಗಿಂತ ಕೆಳಗಿಳಿಯದೆ ಒಮ್ಮೆ ಮಾತಾಡುತ್ತದೆ, ಒಮ್ಮೆ ಇಲ್ಲ. ಒಂದೆರಡು ಕಾರ್ಡಿನಲ್ಲಿ ಉಳಿಸಿ ಬೇರೆಯದನ್ನು ಕಿತ್ತುಹಾಕಿ.

ಎರಡು ತಂತಿಯದೇ ಇನ್ನೊಂದು ಬಗೆಯಾದ ಕ್ಯಾನ್ ಬಸ್ ಇನ್ನೂ ಸುಲಭ. ಕರೆಂಟಿಲ್ಲದೆ ಎರಡು ತಂತಿಗಳ ನಡುವೆ ಅಳೆದಾಗ 60 ಓಮ್ ಬರಬೇಕು. 120 ಬಂದರೆ ಒಂದು ತುದಿಯ ಟರ್ಮಿನೇಟರ್ (120 ಓಮ್ ರೆಸಿಸ್ಟರ್) ಇಲ್ಲ; 40 ಬಂದರೆ ಯಾರೋ ಮೂರನೆಯದನ್ನು ಹಾಕಿದ್ದಾರೆ.

ಎಲ್ಲಕ್ಕಿಂತ ಕಣ್ಣಿಗೆ ಬೀಳದ ದೋಷ ಹಿಂಬಾಗಿಲಿನ ಕರೆಂಟು. ಆಫ್ ಮಾಡಿದ ಕಾರ್ಡಿನ 3.3 ವೋಲ್ಟ್ ರೇಖೆಯನ್ನು ಅಳೆಯಿರಿ. ಸೊನ್ನೆ ಇರುವ ಬದಲು ಒಂದೂವರೆ ಎರಡು ವೋಲ್ಟ್ ಇದ್ದರೆ, ಆನ್ ಇರುವ ಕಾರ್ಡಿನ ಡೇಟಾ ತಂತಿಯಿಂದ ಚಿಪ್ಪಿನ ರಕ್ಷಣಾ ಡಯೋಡ್ ಮೂಲಕ ಅದಕ್ಕೆ ಊಟ ಸಿಗುತ್ತಿದೆ. ಅಂಥ ಕಾರ್ಡು ಆಫ್ ಆಗಿಯೂ ಆಫ್ ಅಲ್ಲ. ಆನ್ ಮಾಡಿದಾಗ ಸರಿಯಾಗಿ ರೀಸೆಟ್ ಆಗುವುದಿಲ್ಲ. ಕಾರ್ಡು ಆಫ್ ಮಾಡುವ ಮುನ್ನ ಆ ಪಿನ್ನುಗಳನ್ನು ಬಿಟ್ಟುಕೊಡುವಂತೆ ಸಾಫ್ಟ್‌ವೇರ್ ಬದಲಿಸಿ, ಇಲ್ಲವೇ ನಡುವೆ ಬಫರ್ ಹಾಕಿ.

## 7. ಬ್ಯಾಟರಿ, ಸೌರಫಲಕ, ಸ್ವಿಚ್‌ಗಳು

ಚಾರ್ಜಿಂಗ್ ಪರೀಕ್ಷೆಯಲ್ಲಿ ಬ್ಯಾಟರಿ ಜಾಗದಲ್ಲಿ ಬರೀ ಪವರ್ ಸಪ್ಲೈ ಇಟ್ಟರೆ ಕೆಲಸ ಕೆಡುತ್ತದೆ. ಸಾಮಾನ್ಯ ಸಪ್ಲೈಗೆ ಕೊಡುವುದು ಗೊತ್ತು, ತೆಗೆದುಕೊಳ್ಳುವುದು ಗೊತ್ತಿಲ್ಲ. ಫಲಕದಿಂದ 0.5 ಆಂಪ್ ಬಂದ ಕೂಡಲೇ ಬಸ್ ವೋಲ್ಟೇಜ್ ಮೇಲೆ ಹಾರುತ್ತದೆ. ಸಪ್ಲೈಗೆ ಅಡ್ಡಲಾಗಿ 10 ಓಮ್, 20 ವ್ಯಾಟಿನ ರೆಸಿಸ್ಟರ್ ಹಾಕಿ. ಅದು 8 ವೋಲ್ಟ್‌ನಲ್ಲಿ 0.8 ಆಂಪ್ ಕುಡಿಯುವುದರಿಂದ ಬಂದ ಚಾರ್ಜ್ ಕರೆಂಟಿಗೆ ದಾರಿ ಇರುತ್ತದೆ.

ನಿಜವಾದ ಬ್ಯಾಟರಿ ಸೇರಿಸುವಾಗ ಮೇಜಿನ ಮೇಲಿನ ತಂತಿಯಲ್ಲಿ 3 ಆಂಪ್ ಫ್ಯೂಸ್ ಕಡ್ಡಾಯ. ಬ್ಯಾಟರಿಗೆ ಕರೆಂಟ್ ಮಿತಿ ಎಂಬುದೇ ಇಲ್ಲ. ಉಂಗುರ, ಬಳೆ, ವಾಚು ತೆಗೆದಿಡಿ. ಸೆಲ್ ಒಂದಕ್ಕೆ 4.2 ವೋಲ್ಟ್ ಮೇಲೆ, 3ರ ಕೆಳಗೆ ಹೋಗಬಾರದು. 0 ಡಿಗ್ರಿಗಿಂತ ತಣ್ಣಗಿರುವಾಗ ಚಾರ್ಜ್ ಮಾಡಬಾರದು. ಒಳಗೆ ಲಿಥಿಯಂ ಲೋಹವಾಗಿ ಕೂರುತ್ತದೆ, ಮತ್ತೆ ಸರಿಹೋಗುವುದಿಲ್ಲ.

ಮೂರು ಪದರದ ಸೌರಕೋಶವನ್ನು ಎಲ್‌ಇಡಿ ದೀಪದಲ್ಲಿ ಪರೀಕ್ಷಿಸಿ ‘ಸತ್ತಿದೆ’ ಎಂದು ತೀರ್ಮಾನಿಸಬೇಡಿ. ಪದರಗಳು ಸರಣಿಯಲ್ಲಿವೆ; ಕೆಳಗಿನ ಜರ್ಮೇನಿಯಂ ಪದರಕ್ಕೆ ಬೇಕಾದ ಅವಕೆಂಪು ಬೆಳಕು ಎಲ್‌ಇಡಿಯಲ್ಲಿ ಇಲ್ಲದ ಕಾರಣ ಇಡೀ ಕೋಶದ ಕರೆಂಟು ಕಟ್ಟಿಹೋಗುತ್ತದೆ. ಹ್ಯಾಲೊಜೆನ್ ದೀಪದಲ್ಲಿ ನೀಲಿ ಕಡಿಮೆ, ಹಾಗಾಗಿ ಮೇಲಿನ ಪದರ ಹಸಿದಿರುತ್ತದೆ. ಅದು ಧ್ರುವ ಸರಿಯಿದೆಯೇ, ತಂತಿ ತಲುಪಿದೆಯೇ ಎಂದು ನೋಡುವುದಕ್ಕೆ ಸಾಕು. ಬಾಹ್ಯಾಕಾಶದಲ್ಲಿ 30 ಚದರ ಸೆಂಟಿಮೀಟರ್ ಕೋಶದಿಂದ ಸುಮಾರು 0.5 ಆಂಪ್, ತೆರೆದ ವೋಲ್ಟೇಜ್ ಸುಮಾರು 2.7. ಆ ಮಟ್ಟದ ಪರೀಕ್ಷೆಗೆ ಸೋಲಾರ್ ಸಿಮ್ಯುಲೇಟರ್ ಸಪ್ಲೈಯೇ ಬೇಕು.

ಉಡಾವಣಾ ಪೆಟ್ಟಿಗೆಯೊಳಗೆ ಉಪಗ್ರಹವನ್ನು ಆಫ್ ಇಡುವ ಸ್ವಿಚ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ. ಎರಡನ್ನೂ ಒಟ್ಟಿಗೆ ಒತ್ತಿ ‘ಆಫ್ ಆಯಿತು’ ಎಂದರೆ ಅದರಲ್ಲಿ ಒಂದು ಕೆಲಸವೇ ಮಾಡದಿರಬಹುದು. ಕ್ಯೂಬ್‌ಸ್ಯಾಟ್ ನಿಯಮದಂತೆ ಹೊರಬಿದ್ದ 30 ನಿಮಿಷ ಮಡಿಸಿಟ್ಟ ಆಂಟೆನಾದಂಥ ಏನನ್ನೂ ಬಿಚ್ಚಬಾರದು, 45 ನಿಮಿಷ ರೇಡಿಯೋ ಪ್ರಸಾರ ಮಾಡಬಾರದು. ಟೈಮರ್ ಓಡುತ್ತಿರುವಾಗ 29ನೇ ನಿಮಿಷದಲ್ಲಿ ಕರೆಂಟು ಕತ್ತರಿಸಿ ಮತ್ತೆ ಕೊಡಿ. ಆಂಟೆನಾ ಅವಧಿಗೆ ಮೊದಲೇ ಬಿಚ್ಚಿದರೂ ತಪ್ಪು, ಟೈಮರ್ ಎಂದೆಂದಿಗೂ ಸೊನ್ನೆಯಿಂದಲೇ ಶುರುವಾಗುತ್ತಿದ್ದರೂ ತಪ್ಪು.

## 8. ರೇಡಿಯೋ

ಡಮ್ಮಿ ಲೋಡ್ ಇಲ್ಲದೆ ಟ್ರಾನ್ಸ್‌ಮಿಟರ್ ಆನ್ ಮಾಡಬೇಡಿ. ಮರಳಿದ ಶಕ್ತಿ ಆಂಪ್ಲಿಫೈಯರ್ ಅನ್ನೇ ಸುಡಬಹುದು. 1 ವ್ಯಾಟ್ ಎಂದರೆ 30 ಡಿಬಿಎಂ (1 ಮಿಲಿವ್ಯಾಟನ್ನು ಸೊನ್ನೆ ಎಂದಿಟ್ಟ ಶಕ್ತಿಯ ಅಳತೆ). 2 ವ್ಯಾಟ್ ತಾಳುವ 30 ಡಿಬಿ ಅಟೆನ್ಯುಯೇಟರ್ ಹಾಕಿದರೆ ಸ್ಪೆಕ್ಟ್ರಮ್ ಅನಲೈಸರ್ ನೋಡುವುದು 0 ಡಿಬಿಎಂ, ಸುರಕ್ಷಿತ. ಕಂಪ್ಯೂಟರ್ ಬೂಟ್ ಆದ ಕೂಡಲೇ ಬೀಕನ್ (ಉಪಗ್ರಹದ ಗುರುತಿನ ಸಿಗ್ನಲ್) ತಾನಾಗಿ ಹೊರಡುವ ವ್ಯವಸ್ಥೆಯಿದ್ದರೆ ಮೇಜಿನ ಮೇಲೆ ಲೋಡ್ ಸದಾ ಇರಲಿ.

ರಿಸೀವರ್ ಪರೀಕ್ಷೆ ಮೋಸ ಮಾಡುತ್ತದೆ. ಅಟೆನ್ಯುಯೇಟರ್‌ಗಳ ಸಾಲಿನ ಮೂಲಕ −115 ಡಿಬಿಎಂ ಕೊಡುತ್ತಿದ್ದೇವೆ ಎಂದುಕೊಂಡಿರುತ್ತೀರಿ. ಅದಕ್ಕಿಂತ ಬಲವಾದ ಸಿಗ್ನಲ್ ಸಡಿಲ ಕನೆಕ್ಟರ್‌ನಿಂದ ಸೋರಿ ಗಾಳಿಯಲ್ಲೇ ತಲುಪುತ್ತಿರುತ್ತದೆ. ಅಟೆನ್ಯುಯೇಟರ್ ಬಳಿ ಕೇಬಲ್ ಕಳಚಿ ನೋಡಿ: ಆಗಲೂ ಕಮಾಂಡ್ ತಲುಪಿದರೆ ನಿಮ್ಮ ಅಳತೆ ಸುಳ್ಳು. ಉಪಗ್ರಹದ ವೇಗದಿಂದ ಆವೃತ್ತಿ ಬದಲಾಗುವ ಡಾಪ್ಲರ್ ಪರಿಣಾಮದಿಂದ 437 ಮೆಗಾಹರ್ಟ್ಸ್ ಸಿಗ್ನಲ್ ±10 ಕಿಲೋಹರ್ಟ್ಸ್ ಸರಿಯುತ್ತದೆ. ಆ ಎರಡು ತುದಿಗಳಲ್ಲೂ ಕಮಾಂಡ್ ಕಳಿಸಿ.

ನಂತರ ಮಡಿಸಿದ ಆಂಟೆನಾ ಬಿಚ್ಚಿ ಹರಡಿ, ಉಪಗ್ರಹವನ್ನು ಬಯಲಿನಲ್ಲಿಟ್ಟು, ಪ್ರಸಾರ ಮಾಡದೆ ಕೇಳಿಸಿಕೊಳ್ಳಿ. ಕಾರ್ಡುಗಳನ್ನು ಒಂದೊಂದಾಗಿ ಆನ್ ಮಾಡುತ್ತ ರಿಸೀವರ್‌ನ ಗದ್ದಲದ ಮಟ್ಟ ಬರೆಯಿರಿ. ಕನ್ವರ್ಟರ್ ಆನ್ ಆದಾಗ 10 ಡಿಬಿ ಏರಿತೆಂದರೆ ಕಕ್ಷೆಯಲ್ಲಿ ನಿಮ್ಮ ಕಮಾಂಡಿಗೆ ಕಿವಿ ಮುಚ್ಚಿದಂತೆ. ಇದನ್ನು ಕೊನೆಯ ವಾರಕ್ಕೆ ಬಿಟ್ಟವರು ತಾಮ್ರದ ಟೇಪಿನಿಂದ ಸುತ್ತಿ ದೇವರ ಮೇಲೆ ಭಾರ ಹಾಕುತ್ತಾರೆ. ಭಾರತದಲ್ಲಿ ಆಂಟೆನಾದಿಂದ ನಿಜಕ್ಕೂ ಪ್ರಸಾರ ಮಾಡುವ ಮುನ್ನ ಡಬ್ಲ್ಯುಪಿಸಿ (ಕೇಂದ್ರ ದೂರಸಂಪರ್ಕ ಇಲಾಖೆಯ ರೇಡಿಯೋ ವಿಭಾಗ) ಪರವಾನಗಿ ಬೇಕು, ಉಡಾವಣೆಗೆ ಇನ್-ಸ್ಪೇಸ್ (ಖಾಸಗಿ ಬಾಹ್ಯಾಕಾಶ ಕೆಲಸಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ) ಅನುಮತಿ ಬೇಕು. ಅರ್ಜಿಗಳನ್ನು ಹಾರ್ನೆಸ್ ಕಟ್ಟುವ ಕಾಲದಲ್ಲೇ ಹಾಕಿ.

## 9. ಕೂಡಿಸುವುದು, ಕುಲುಕುವುದು, ಕಾಯಿಸುವುದು

ಚೌಕಟ್ಟಿನೊಳಗೆ ಕೂಡಿಸುವಾಗ ಲೋಹದ ಭಾಗಗಳ ನಡುವಿನ ಬಾಂಡಿಂಗ್ (ಸಂಪರ್ಕದ ರೆಸಿಸ್ಟೆನ್ಸ್) 2.5 ಮಿಲಿಓಮ್‌ಗಿಂತ ಕಡಿಮೆ ಇರಲಿ. ಆನೊಡೈಸ್ ಆದ ಅಲ್ಯೂಮಿನಿಯಂ ನೋಡಲು ಲೋಹ, ವಿದ್ಯುತ್ತಿಗೆ ಗೋಡೆ; ತಾಗುವ ಜಾಗದ ಪದರ ತೆಗೆದಿರಬೇಕು.

ಇಪ್ಪತ್ತು ನಿಮಿಷದಲ್ಲಿ ಮುಗಿಯುವ ಒಂದು ಚಿಕ್ಕ ಪರೀಕ್ಷೆ ಬರೆದಿಟ್ಟುಕೊಳ್ಳಿ. ಪ್ರತಿ ದೊಡ್ಡ ಪರೀಕ್ಷೆಯ ಮೊದಲು ಮತ್ತು ನಂತರ ಅದೇ ಕಮಾಂಡ್‌ಗಳು, ಅದೇ ಕ್ರಮ. ಹೋಲಿಸುವುದು ಸಂಖ್ಯೆಗಳನ್ನು, ‘ಪಾಸ್’ ಎಂಬ ಪದವನ್ನಲ್ಲ.

ಕಂಪನದ ಮಟ್ಟ ನಿಮ್ಮ ರಾಕೆಟ್‌ನ ದಾಖಲೆಯಿಂದಲೇ ಬರಬೇಕು. ನಾಸಾದ ಸಾಮಾನ್ಯ ಮಾನದಂಡದ 14.1 ಜಿ ಆರ್‌ಎಂಎಸ್ (ಗುರುತ್ವದ ಪಟ್ಟಿನಲ್ಲಿ ಅಳೆದ ಕಂಪನದ ಸರಾಸರಿ ತೀವ್ರತೆ) ರಾಕೆಟ್ ಗೊತ್ತಿಲ್ಲದಾಗಿನ ಆಸರೆ ಮಾತ್ರ. ಪ್ರತಿ ಅಕ್ಷದಲ್ಲೂ ಮುಂಚೆ ಮತ್ತು ಆಮೇಲೆ ಅನುರಣನ ಆವೃತ್ತಿ ನೋಡಿ; ಶೇ. 5ಕ್ಕಿಂತ ಹೆಚ್ಚು ಸರಿದಿದ್ದರೆ ಏನೋ ಸಡಿಲವಾಗಿದೆ, ನಿಲ್ಲಿಸಿ ತೆರೆಯಿರಿ.

ನಿರ್ವಾತ ಕೋಣೆಯಲ್ಲಿ ಗಾಳಿ ಹೀರುವಾಗ ಟ್ರಾನ್ಸ್‌ಮಿಟರ್ ಆಫ್. ಪೂರ್ತಿ ಗಾಳಿಯಲ್ಲೂ ತೊಂದರೆಯಿಲ್ಲ, ಪೂರ್ತಿ ನಿರ್ವಾತದಲ್ಲೂ ಇಲ್ಲ. ನಡುವಿನ ತೆಳುಗಾಳಿಯಲ್ಲಿ ಕಡಿಮೆ ವೋಲ್ಟೇಜಿಗೇ ಕಿಡಿ ಹಾರುತ್ತದೆ. ಗಾಳಿಯ ಒತ್ತಡ 10⁻⁵ ಟಾರ್‌ಗೆ ಇಳಿದ ಮೇಲೆ ಆನ್ ಮಾಡಿ. ಚಳಿಯಲ್ಲಿ ಆಫ್ ಸ್ಥಿತಿಯಿಂದ ಬೂಟ್ ಆಗುತ್ತದೆಯೇ ಎಂಬುದೇ ಮುಖ್ಯ ಪರೀಕ್ಷೆ. ಮುಗಿದ ಮೇಲೆ ಉಪಗ್ರಹ ಕೋಣೆಯ ಶಾಖಕ್ಕೆ ಬರುವವರೆಗೆ ಬಾಗಿಲು ತೆರೆಯಬೇಡಿ. ಇಬ್ಬನಿ ನೇರ ಕಾರ್ಡಿನ ಮೇಲೆ ಕೂರುತ್ತದೆ.

## 10. ಒಪ್ಪಿಸುವ ದಿನ

‘ಆಂಟೆನಾ ಬಿಚ್ಚಿಯಾಗಿದೆ’ ಎಂಬ ಗುರುತು ಉಪಗ್ರಹದ ಕಂಪ್ಯೂಟರ್‌ನ ನೆನಪಿನಲ್ಲಿ ಉಳಿದಿದೆಯೇ ನೋಡಿ, ಅಳಿಸಿ, ಮತ್ತೆ ಓದಿ ಖಚಿತಪಡಿಸಿಕೊಳ್ಳಿ. ನೆಲದ ಪರೀಕ್ಷೆಯಲ್ಲಿ ಬರೆದದ್ದು ಹಾಗೇ ಉಳಿದರೆ ಕಕ್ಷೆಗೆ ಹೋದ ಉಪಗ್ರಹ ತನ್ನ ಆಂಟೆನಾ ಬಿಚ್ಚಿದೆ ಎಂದೇ ನಂಬಿ ಸುಮ್ಮನಿರುತ್ತದೆ. ಹಾರುವ ಮುನ್ನ ತೆಗೆಯಲೇಬೇಕಾದ ಕೆಂಪು ಪಟ್ಟಿಯ ಮುಚ್ಚಳಗಳನ್ನು ಎಣಿಸಿ, ಹಾಕಿದಷ್ಟೇ ತೆಗೆದಿರಬೇಕು.

ಕೊನೆಯ ಅಳತೆ ಸೋರಿಕೆಯದು. ಸ್ವಿಚ್‌ಗಳು ಒತ್ತಿರುವಾಗ ಬ್ಯಾಟರಿಯಿಂದ ಹರಿಯುವ ಕರೆಂಟನ್ನು ಮೈಕ್ರೋಆಂಪ್‌ನಲ್ಲಿ ಅಳೆಯಿರಿ. ಉಡಾವಣೆ ಮುಂದೆ ಹೋಗಿ ಪೆಟ್ಟಿಗೆಯೊಳಗೆ 90 ದಿನ ಕೂತರೆ 50 ಮೈಕ್ರೋಆಂಪ್ ತಿನ್ನುವುದು 0.11 ಆಂಪ್-ಅವರ್, ಲೆಕ್ಕಕ್ಕೇ ಇಲ್ಲ. ಅದೇ 1 ಮಿಲಿಆಂಪ್ ಸೋರಿದರೆ 2.16 ಆಂಪ್-ಅವರ್, ಅಂದರೆ 18650 ಎಂಬ ಸಾಮಾನ್ಯ ಅಳತೆಯ ಲಿಥಿಯಂ ಸೆಲ್ಲಿನ ಬಹುಪಾಲು. ಈ ಸಂಖ್ಯೆ 100 ಮೈಕ್ರೋಆಂಪ್ ದಾಟಿದರೆ ಪೆಟ್ಟಿಗೆ ಮುಚ್ಚಲು ಒಪ್ಪಬೇಡಿ.